ಓಟು ಹಾಕಿ ಗೆಲ್ಲಿಸಿದ ಮೇಲೆ ಅವರು ಹೇಳಿದ್ದೇ ಕಾನೂನಲ್ವಾ?

ಪ್ರಶ್ನೆ: ಜನರೇ ಓಟು ಹಾಕುತ್ತಾರೆ, ಜಾಸ್ತಿ ಸೀಟು ಬಂದವರು ಆಳುತ್ತಾರೆ. ಇಷ್ಟೇ ತಾನೇ? ಮತ್ತೆ ಗಣರಾಜ್ಯ ಅಂತ ಪ್ರತಿ ಜನವರಿಯಲ್ಲಿ ಧ್ವಜ ಏರಿಸಿ ಭಾಷಣ ಮಾಡುವುದು ಯಾಕೆ? ಮಾಡುವ ರಾಜಕಾರಣಿಗಳಿಗಾದರೂ ಅದರ ಮೇಲೆ ಗೌರವ ಇದೆಯಾ? (ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರು)

ಉತ್ತರ: ಓಟಿನಿಂದ ತೀರ್ಮಾನ ಆಗುವುದು ಯಾರು ಆಳಬೇಕು ಎಂಬುದು ಮಾತ್ರ. ಗೆದ್ದವರು ಏನೇನು ಮಾಡುವ ಹಾಗಿಲ್ಲ ಎಂಬ ಲೆಕ್ಕ ಬೇರೆಯೇ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಲೆಕ್ಕದಲ್ಲಿದೆ.

ಬ್ರಿಟನ್ನಿನಲ್ಲೂ ಚುನಾವಣೆ ನಡೆಯುತ್ತದೆ, ಸರ್ಕಾರ ಬೀಳುತ್ತದೆ, ಏಳುತ್ತದೆ. ಆದರೆ ದೇಶದ ಮುಖ್ಯಸ್ಥ ಅಲ್ಲಿ ರಾಜ. ಆ ಕುರ್ಚಿ ಹುಟ್ಟಿನಿಂದ ಬರುತ್ತದೆ. ನಾವು ಕೂಡ 1947ರ ಆಗಸ್ಟ್ 15ಕ್ಕೆ ಸ್ವತಂತ್ರರಾದರೂ 1950ರ ಜನವರಿ 26ರವರೆಗೆ ಕಾಗದದಲ್ಲಿ ಆರನೇ ಜಾರ್ಜ್‌ನ ಪ್ರಜೆಗಳೇ. ಆ ದಿನದಿಂದ ಹುಟ್ಟಿನ ಬಲದಲ್ಲಿ ಯಾರೂ ಯಾರನ್ನೂ ಆಳುವ ಹಾಗಿಲ್ಲ ಎಂದಾಯಿತು. ಗಣರಾಜ್ಯ ಅಂದರೆ ಅದೇ. ಕುಂಬಳೆ ಸೀಮೆಯ ಅರಸರ ಮಾಯಿಪ್ಪಾಡಿ ಅರಮನೆ ಈಗಲೂ ಇದೆ. ಮನೆತನಕ್ಕೆ ಮರ್ಯಾದೆ ಕೊಡಬೇಡಿ ಎಂದು ಸಂವಿಧಾನ ಹೇಳುವುದಿಲ್ಲ. ವಿಲೇಜ್ ಆಫೀಸಿನಲ್ಲಿ ತೀರ್ವೆ (ಭೂಕಂದಾಯ) ಕಟ್ಟುವಾಗ ಮಾತ್ರ ಎಲ್ಲರದ್ದೂ ಒಂದೇ ಸಾಲು.

ಇನ್ನು ಅಪ್ಪನ ಕ್ಷೇತ್ರ ಮಗನಿಗೆ, ಮಾವನ ಕ್ಷೇತ್ರ ಅಳಿಯನಿಗೆ ಹೋಗುವ ಚಂದ ನೀವೂ ನೋಡಿದ್ದೀರಿ. ನಮ್ಮ ಕಡೆ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟು ಮನೆಗಳಿಂದ ಹೋಯಿತು, ಪಾರ್ಟಿಗಳಲ್ಲಿ ಉಳಿದುಕೊಂಡಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇದಕ್ಕೆ ದಿಲ್ಲಿಗೆ ಹೋಗಬೇಕಾಗಿಲ್ಲ. ಚೆರ್ಕಳದಿಂದ ಬದಿಯಡ್ಕಕ್ಕೆ ಬರುವಾಗ ಎಡನೀರು ಸಿಗುತ್ತದಲ್ಲ, ಅಲ್ಲಿಂದಲೇ ಶುರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ಇಲ್ಲಿನವರು ಯಕ್ಷಗಾನ, ಸಂಗೀತದ ಲೆಕ್ಕದಲ್ಲೇ ಹೆಚ್ಚು ನೆನೆಯುತ್ತಾರೆ. ದೇಶದ ವಕೀಲರಿಗೆಲ್ಲ ಅವರ ಹೆಸರು ಬಾಯಿಪಾಠ ಆಗಿರುವುದು ಒಂದು ಕೇಸಿನಿಂದ. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಕೈಬಿಡುವ ಹಾಗಾದಾಗ 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹೊತ್ತಿಗೆ ಸಂಸತ್ತು ಒಂದರ ಮೇಲೊಂದು ತಿದ್ದುಪಡಿ ತಂದು ಕೋರ್ಟಿನ ಕೈ ಕಟ್ಟಲು ಹೊರಟಿತ್ತು. ಹಾಗಾಗಿ ಮಠದ ಜಮೀನಿನ ಪ್ರಶ್ನೆ ಬೆಳೆದು ಬೇರೆಯೇ ಆಯಿತು: ಬೇಕಾದಷ್ಟು ಬಹುಮತ ಇದ್ದರೆ ಸಂಸತ್ತು ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದಾ? ನೀವು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

13 ನ್ಯಾಯಾಧೀಶರು ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು, 7ಕ್ಕೆ 6. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪವನ್ನು ಮಾತ್ರ ಮುರಿಯುವ ಹಾಗಿಲ್ಲ ಎಂದು. ಆ ಮೂಲ ಸ್ವರೂಪದಲ್ಲಿ ಏನೇನು ಬರುತ್ತದೆ ಎಂದು ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಒಂದು ಪಟ್ಟಿ ಕೊಟ್ಟರು. ಸಂವಿಧಾನವೇ ಎಲ್ಲಕ್ಕಿಂತ ಮೇಲು ಎಂಬುದು ಅದರಲ್ಲಿದೆ. ಗಣರಾಜ್ಯ ಮತ್ತು ಪ್ರಜಾಪ್ರಭುತ್ವದ ಸರ್ಕಾರ ಎಂಬುದೂ ಇದೆ. ಅಂದರೆ ಗೆದ್ದವರು ಎಲ್ಲ ಸೀಟೂ ಗೆದ್ದರೂ ನಾಳೆಯಿಂದ ನಾನೇ ಖಾಯಂ ಎನ್ನುವ ಹಾಗಿಲ್ಲ.

ಮಠಕ್ಕೆ ಜಮೀನು ವಾಪಸ್ ಸಿಗಲಿಲ್ಲ. ಆ ಕಾನೂನನ್ನು ಕೋರ್ಟು ಉಳಿಸಿಕೊಂಡಿತು. ನನ್ನ ಮಟ್ಟಿಗೆ ಅದು ಸರಿಯೇ. ಒಡೆಯ ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿಯಲ್ಲಿ ತಲೆಮಾರುಗಟ್ಟಲೆ ದುಡಿದು ಅಕ್ಕಿ ಅಳೆದುಕೊಟ್ಟವರಿಗೆ ಕಾಲಡಿಯ ಮಣ್ಣು ಸಿಕ್ಕಿತು. ಬಹುಮತ ಮಾಡಬೇಕಾದ ಕೆಲಸ ಅದು, ಮಾಡಿತು. ಮಾಡಬಾರದ್ದಕ್ಕೆ ಬೇಲಿ ಬಿದ್ದದ್ದೂ ಅದೇ ಕೇಸಿನಲ್ಲಿ.

ರಾಜಕಾರಣಿಗಳಿಗೆ ಗೌರವ ಇದೆಯಾ ಎಂದಿರಿ. ತೀರ್ಪು ಬಂದ ಮರುದಿನವೇ ಏನಾಯಿತು ನೋಡಿ. ಸರ್ಕಾರಕ್ಕೆ ಹಿಡಿಸದ ತೀರ್ಪು ಬರೆದ ಮೂವರು ಹಿರಿಯ ನ್ಯಾಯಾಧೀಶರನ್ನು, ಶೇಲತ್, ಹೆಗ್ಡೆ, ಗ್ರೋವರ್ ಅವರನ್ನು, ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಬಿಸಾಡಿ ಬಂದರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ನೆರೆಯ ಕಾರ್ಕಳ ಕಡೆಯವರು. ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಎರಡು ವರ್ಷ ಕಳೆದು ಇನ್ನೂ ಜೋರಾಯಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. ತುರ್ತು ಪರಿಸ್ಥಿತಿ ಬಂತು. ಪ್ರಧಾನಿಯ ಆಯ್ಕೆಯನ್ನು ಯಾವ ಕೋರ್ಟೂ ಪ್ರಶ್ನಿಸುವ ಹಾಗಿಲ್ಲ ಎಂದು 39ನೇ ತಿದ್ದುಪಡಿಯೂ ಬಂತು. ಸಂಸತ್ತಿನಲ್ಲಿ ಅದಕ್ಕೆ ಬಹುಮತ ಇತ್ತು. ಆದರೂ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಕಿತ್ತುಹಾಕಿತು, ಅದೂ ಎಡನೀರಿನ ಕೇಸನ್ನು ಎದುರಿಗಿಟ್ಟುಕೊಂಡು. ಇಂದಿರಾ ಗಾಂಧಿಯವರ ಸೀಟೇನೋ ಉಳಿಯಿತು, ಚುನಾವಣಾ ಕಾನೂನನ್ನೇ ಹಿಂದಿನಿಂದ ಅನ್ವಯವಾಗುವಂತೆ ತಿದ್ದಿದ್ದರು.

ಇದು ಒಂದೇ ಪಾರ್ಟಿಯ ರೋಗ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಎಣ್ಮಕಜೆ, ಪಡ್ರೆ ಕಡೆಯವರಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷದ ಬಗ್ಗೆ ನಾನು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು ಸರ್ಕಾರದ್ದೇ ತೋಟ ನಿಗಮ, 2000ದವರೆಗೂ. ಆ ಕಾಲದಲ್ಲಿ ಕೇರಳವನ್ನು ಎಡರಂಗ, ಐಕ್ಯರಂಗ ಎರಡೂ ಆಳಿವೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ, ಮೂರು ತಿಂಗಳಲ್ಲಿ ಮುಗಿಸಿ ಎಂದಿತು. ಐದು ವರ್ಷ ಕಳೆಯಿತು. 2022ರಲ್ಲಿ ಮೊದಲು ಹಣ ಸಿಕ್ಕಿದ್ದು ಮತ್ತೆ ಕೋರ್ಟಿಗೆ ಹೋಗಿದ್ದ ಎಂಟು ಮಂದಿಗೆ ಮಾತ್ರ. ಅದಕ್ಕೆ ಕೋರ್ಟು ಬೈದ ಮೇಲೆ ಉಳಿದವರ ಕಡತ ಅಲುಗಾಡಿತು. ಹಾಸಿಗೆ ಬಿಟ್ಟು ಏಳಲಾಗದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ದಿಲ್ಲಿಯ ಕೋರ್ಟಿಗೆ ಹೋಗದೆ ಹಣ ಬರುವುದಿಲ್ಲ ಎಂದರೆ ಗೌರವ ಎಷ್ಟಿದೆ ಅಂತ ನೀವೇ ಹೇಳಿ. ಬಾಯಲ್ಲಿ ಎಲ್ಲರಿಗೂ ಇದೆ. ಕೈಯಲ್ಲಿ, ಕೇಳುವವರು ಬೆನ್ನು ಬಿದ್ದಾಗ ಮಾತ್ರ.

ನಮ್ಮ ಕನ್ನಡದ ಕತೆಯೂ ಇಷ್ಟೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಪಾಠಕ್ಕೆ ವ್ಯವಸ್ಥೆ ಮಾಡಬೇಕು ಎನ್ನುತ್ತದೆ ಅದು. ಓಟಿನ ಲೆಕ್ಕದಲ್ಲಿ ಇಡೀ ಕೇರಳದಲ್ಲಿ ನಾವೆಷ್ಟು ಮಂದಿ? ಬಹುಮತವೇ ಎಲ್ಲ ಆಗಿದ್ದರೆ ಮೊದಲ ವರ್ಷವೇ ನಮ್ಮ ಮಾತು ಮುಗಿಯುತ್ತಿತ್ತು. ಹಾಗಾಗಲಿಲ್ಲ. ಆದರೆ ಕನ್ನಡ ಮಾಧ್ಯಮ ಶಾಲೆಗೆ ಕನ್ನಡವೇ ಬಾರದ ಅಧ್ಯಾಪಕರು ಬಂದು, ಮಕ್ಕಳು ಪ್ರತಿಭಟಿಸಿ ಗೇಟಿನ ಹೊರಗೆ ಕೂತದ್ದನ್ನೂ ಕಂಡಿದ್ದೇವೆ.

ಹಾಗಾದರೆ ನಾವೇನು ಮಾಡಬಹುದು ಎಂದು ಕೇಳಿದರೆ, ಸುಪ್ರೀಂ ಕೋರ್ಟಿಗಿಂತ ಹತ್ತಿರದ ಜಾಗ ಒಂದಿದೆ: ನಿಮ್ಮ ವಾರ್ಡಿನ ಗ್ರಾಮಸಭೆ. ಕೇರಳದ 1994ರ ಪಂಚಾಯತ್ ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕು. ಕರೆಯುವ ಹೊಣೆ ವಾರ್ಡ್ ಮೆಂಬರರದ್ದು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಬರಬೇಕು, ಅದೇ ಕೋರಂ. ಕೆಲವು ಕಡೆ ಏನಾಗುತ್ತದೆ ಅಂದರೆ ಸಭೆಯಲ್ಲಿ ಇಪ್ಪತ್ತು ಕುರ್ಚಿ, ಕೋರಂ ತುಂಬಿಸುವ ಪುಸ್ತಕ ಮಾತ್ರ ಮನೆ ಮನೆ ಸುತ್ತುತ್ತದೆ. "ಅಕ್ಕಾ, ಇಲ್ಲೊಂದು ಸೈನ್ ಹಾಕಿ" ಎಂದರೆ ನಾವೂ ಅಂಗಳದಲ್ಲೇ ನಿಂತು ಹಾಕಿ ಕಳಿಸುತ್ತೇವೆ. ಮುಂದಿನ ಸಲ ಸೈನ್ ಹಾಕುವ ಮೊದಲು ಹೋದ ಸಭೆಯ ತೀರ್ಮಾನ ಓದಿ ಹೇಳಿ ಅನ್ನಿ. ಸತತ ಎರಡು ಸಲ ಸಭೆ ಕರೆಯದಿದ್ದರೆ ಅದೇ ಕಾನೂನಿನಲ್ಲಿ ಮೆಂಬರರ ಸ್ಥಾನಕ್ಕೇ ಕುತ್ತು ಇದೆ. ಇದು ಮೆಂಬರರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಮಗೂ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಾಗಲಿ.