ಡಿಸಿ ಕಾಮಿಕ್ಸ್‌ನಲ್ಲಿ ಈಗಲೂ ಸೂಪರ್‌ಮ್ಯಾನೇ ನಂಬರ್ ಒನ್ನಾ?

ಪ್ರಶ್ನೆ: ಸೂಪರ್‌ಹೀರೋ ಅಂದ ಕೂಡಲೇ ಬಾಯಿಗೆ ಬರುವ ಮೊದಲ ಹೆಸರು ಸೂಪರ್‌ಮ್ಯಾನ್. ಹಾಗಾದರೆ ಅವನ ಕತೆಗಳನ್ನು ಪ್ರಕಟಿಸುವ ಅಮೆರಿಕದ ಕಂಪನಿ ಡಿಸಿ ಕಾಮಿಕ್ಸ್‌ನ ಅತಿ ಜನಪ್ರಿಯ ಪಾತ್ರ ಇವತ್ತಿಗೂ ಅವನೇನಾ? ಇಲ್ಲಾ, ಬ್ಯಾಟ್‌ಮ್ಯಾನ್ ಆ ಜಾಗಕ್ಕೆ ಬಂದುಬಿಟ್ಟಿದ್ದಾನಾ?

ಉತ್ತರ: ಬ್ಯಾಟ್‌ಮ್ಯಾನ್ ಬಂದುಬಿಟ್ಟಿದ್ದಾನೆ. ಅದೂ ನಿನ್ನೆ ಮೊನ್ನೆ ಅಲ್ಲ, ಹೆಚ್ಚುಕಮ್ಮಿ ನಲವತ್ತು ವರ್ಷದ ಹಿಂದೆಯೇ. ಕಾಮಿಕ್ಸ್ ಮಾರಾಟ ನೋಡಿ, ಸಿನಿಮಾ ಕಲೆಕ್ಷನ್ ನೋಡಿ, ಮಕ್ಕಳ ಆಟದ ಸಾಮಾನು ನೋಡಿ, ಸಾಮಾನ್ಯವಾಗಿ ಸೂಪರ್‌ಮ್ಯಾನ್ ಎರಡನೇ ಸ್ಥಾನದಲ್ಲೇ ಸಿಗುತ್ತಾನೆ. ಆದರೆ ಇದಕ್ಕೆ ಎಲ್ಲರೂ ಕೊಡುವ ಕಾರಣ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸೂಪರ್‌ಮ್ಯಾನ್ ಹಳಬನಾದ, ಬೋರಾದ ಅನ್ನುತ್ತಾರೆ. ನನ್ನ ಪ್ರಕಾರ ಬದಲಾದದ್ದು ಅವನಲ್ಲ, ಕಾಮಿಕ್ಸ್ ಮಾರುವ ಅಂಗಡಿ ಮತ್ತು ಅಲ್ಲಿಗೆ ಬರುವ ಗಿರಾಕಿ.

ಮೊದಲು ಅವನು ಎಷ್ಟು ದೊಡ್ಡವನಾಗಿದ್ದ ಅಂತ ನೋಡೋಣ. ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಅವನನ್ನು ಹುಟ್ಟುಹಾಕಿ ಹಕ್ಕನ್ನೆಲ್ಲ 130 ಡಾಲರ್‌ಗೆ ಬರೆದುಕೊಟ್ಟರು. 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನು ಕಾಣಿಸಿಕೊಂಡ. ಮರುವರ್ಷವೇ ಅವನ ಹೆಸರಿನದೇ ಪತ್ರಿಕೆ. 1940ರಲ್ಲಿ ರೇಡಿಯೋ, 1941ರಲ್ಲಿ ಥಿಯೇಟರಿನ ಕಾರ್ಟೂನ್, 1952ರಲ್ಲಿ ಟಿವಿ. ಅವನನ್ನು ಸುಸ್ತಾಗಿಸುವ ಹಸಿರು ಕಲ್ಲು ಕ್ರಿಪ್ಟೋನೈಟ್ ಇದೆಯಲ್ಲ, ಅದು ಮೊದಲು ಬಂದದ್ದು ಕಾಮಿಕ್ಸ್‌ನಲ್ಲಲ್ಲ, 1943ರ ರೇಡಿಯೋ ಕಾರ್ಯಕ್ರಮದಲ್ಲಿ.

ಬ್ಯಾಟ್‌ಮ್ಯಾನ್ ಬಂದದ್ದು 1939ರಲ್ಲಿ, 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆಯಲ್ಲಿ. ಕಂಪನಿಗೆ ಡಿಸಿ ಅನ್ನೋ ಹೆಸರು ಬಂದದ್ದೂ ಅದೇ ಪತ್ರಿಕೆಯಿಂದ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೇರಿ ಮಾಡಿದ ಪಾತ್ರ, ಹೆಸರು ಮಾತ್ರ ಬಹಳ ಕಾಲ ಕೇನ್ ಒಬ್ಬನದೇ ಇತ್ತು. ಫಿಂಗರ್ ಹೆಸರು ಸೇರಿದ್ದು 2015ರಲ್ಲಿ, ಅವನು ಸತ್ತು ನಲವತ್ತು ವರ್ಷ ದಾಟಿದ ಮೇಲೆ. ಇರಲಿ, ಅದೇ ಒಂದು ದೊಡ್ಡ ಕತೆ. ಬ್ಯಾಟ್‌ಮ್ಯಾನ್ ಕೂಡ ಚೆನ್ನಾಗಿಯೇ ಓಡಿದ. ಆದರೆ ರೇಡಿಯೋದಲ್ಲಿ ಅವನು ಬರುತ್ತಿದ್ದದ್ದು ಸೂಪರ್‌ಮ್ಯಾನ್ ಕಾರ್ಯಕ್ರಮಕ್ಕೆ ಅತಿಥಿಯಾಗಿ. ಯಾರು ಮನೆಯವರು, ಯಾರು ನೆಂಟರು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇದು ಬಾಯಿಮಾತಲ್ಲ, ಅಂಕಿ ಇದೆ. ಅಮೆರಿಕದಲ್ಲಿ ಅಂಚೆಯ ರಿಯಾಯಿತಿ ದರ ಬೇಕಿದ್ದರೆ ಪತ್ರಿಕೆಯವರು ವರ್ಷಕ್ಕೊಮ್ಮೆ ಒಂದು ಹೇಳಿಕೆ ಅಚ್ಚು ಹಾಕಬೇಕು. ಮಾಲೀಕರು ಯಾರು, ಸಂಪಾದಕರು ಯಾರು, ಸರಾಸರಿ ಎಷ್ಟು ಪ್ರತಿ ಖರ್ಚಾಗುತ್ತದೆ ಅಂತೆಲ್ಲ. ನಮ್ಮ ಪತ್ರಿಕೆಗಳಲ್ಲಿ ಮಾರ್ಚ್ ತಿಂಗಳಲ್ಲಿ ಫಾರಂ 4 ಅಂತ ಒಂದು ಹೇಳಿಕೆ ಬರುತ್ತದಲ್ಲ, ಹೆಚ್ಚುಕಮ್ಮಿ ಅದೇ ಥರ. ಕಾಮಿಕ್ಸ್ ಕೂಡ ಪತ್ರಿಕೆಯೇ ಆದ್ದರಿಂದ ಕತೆ ಮುಗಿದ ಮೇಲೆ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಈ ಲೆಕ್ಕ ಇರುತ್ತಿತ್ತು. ಹತ್ತು ವರ್ಷದ ಹುಡುಗರು ಅದನ್ನು ಓದದೇ ಪುಟ ತಿರುಗಿಸಿರುತ್ತಾರೆ. ಇವತ್ತು ಕಾಮಿಕ್ಸ್ ಇತಿಹಾಸ ಬರೆಯುವವರಿಗೆ ಅದೇ ಚಿನ್ನ.

ಆ ಲೆಕ್ಕದ ಪ್ರಕಾರ 1960ರಲ್ಲಿ 'ಸೂಪರ್‌ಮ್ಯಾನ್' ಪತ್ರಿಕೆ ಪ್ರತಿ ಸಂಚಿಕೆಗೆ ಸರಾಸರಿ 8 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗುತ್ತಿತ್ತು. 'ಬ್ಯಾಟ್‌ಮ್ಯಾನ್' ಸುಮಾರು 5 ಲಕ್ಷ. ಆಮೇಲೆ ಬ್ಯಾಟ್‌ಮ್ಯಾನ್ ಇನ್ನೂ ಇಳಿದ. 1964ರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಅನ್ನೋ ಸಂಪಾದಕರನ್ನು ಕರೆದು ರಿಪೇರಿ ಮಾಡಿಸಬೇಕಾಯಿತು. ಪಾತ್ರವನ್ನೇ ನಿಲ್ಲಿಸಿಬಿಡುವ ಯೋಚನೆ ಇತ್ತು ಅಂತ ಕೇನ್ ಆಮೇಲೆ ಹೇಳಿಕೊಂಡಿದ್ದ.

1966ರ ಜನವರಿಯಲ್ಲಿ ಎಬಿಸಿ ಚಾನೆಲ್‌ನಲ್ಲಿ ಆ್ಯಡಮ್ ವೆಸ್ಟ್ ನಟಿಸಿದ ಬ್ಯಾಟ್‌ಮ್ಯಾನ್ ಧಾರಾವಾಹಿ ಶುರುವಾಯಿತು. ಬುಧವಾರ ಅರ್ಧ ಕತೆ, ಗುರುವಾರ ಇನ್ನರ್ಧ. ಹೊಡೆದಾಟ ನಡೆಯುವಾಗ ತೆರೆ ಮೇಲೆ ದಪ್ಪ ಬಣ್ಣದ ಅಕ್ಷರದಲ್ಲಿ 'ಪೌ', 'ಬ್ಯಾಮ್' ಅಂತ ಬರುವ ತಮಾಷೆಯ ಧಾರಾವಾಹಿ. ಊರಿಗೆ ಊರೇ ಹುಚ್ಚು ಹಿಡಿದ ಹಾಗೆ ನೋಡಿತು. ಆ ವರ್ಷ ಬ್ಯಾಟ್‌ಮ್ಯಾನ್ ಪತ್ರಿಕೆ 9 ಲಕ್ಷದ ಹತ್ತಿರ ಹೋಗಿ ಸೂಪರ್‌ಮ್ಯಾನ್‌ನನ್ನು ಹಿಂದೆ ಹಾಕಿತು. ಆದರೆ 1968ರಲ್ಲಿ ಧಾರಾವಾಹಿ ನಿಂತಿತು, ಮಾರಾಟವೂ ಕುಸಿಯಿತು. 1969ರ ಹೊತ್ತಿಗೆ ಸೂಪರ್‌ಮ್ಯಾನ್ 5 ಲಕ್ಷ ಚಿಲ್ಲರೆಯೊಂದಿಗೆ ಮತ್ತೆ ಮುಂದೆ. ಆ ವರ್ಷ ಅಮೆರಿಕದ ಕಾಮಿಕ್ಸ್‌ನಲ್ಲೆಲ್ಲ ಮೊದಲ ಸ್ಥಾನ ಪಡೆದದ್ದು ಮಾತ್ರ ಇಬ್ಬರೂ ಅಲ್ಲ. ಹಾಸ್ಯ ಕಾಮಿಕ್ಸ್‌ನ ಕೆಂಪು ಕೂದಲಿನ ಹುಡುಗ ಆರ್ಚಿ!

ಅಂದರೆ 1970ರವರೆಗೂ ಪ್ರಶ್ನೆಯೇ ಇರಲಿಲ್ಲ. ಟಿವಿ ಜೋರಿದ್ದಾಗ ಬ್ಯಾಟ್‌ಮ್ಯಾನ್ ಮೇಲೆ ಬಂದ, ಟಿವಿ ಇಳಿದಾಗ ಇಳಿದ.

ಈಗ ಅಂಗಡಿಯ ವಿಷಯ. ಅಲ್ಲಿಯವರೆಗೆ ಅಮೆರಿಕದಲ್ಲಿ ಕಾಮಿಕ್ಸ್ ಸಿಗುತ್ತಿದ್ದದ್ದು ಪೇಪರ್ ಸ್ಟಾಲ್‌ನಲ್ಲಿ, ಔಷಧಿ ಅಂಗಡಿಯ ತಿರುಗುವ ಸ್ಟ್ಯಾಂಡ್‌ನಲ್ಲಿ. ಕೊಳ್ಳುವವರು ಚಿಕ್ಕ ಮಕ್ಕಳು, ಕೈಯಲ್ಲಿ ಚಿಲ್ಲರೆ ಕಾಸು. ಮಾರಾಟವಾಗದ ಪ್ರತಿಗಳನ್ನು ಅಂಗಡಿಯವನು ವಾಪಸ್ ಕೊಟ್ಟು ದುಡ್ಡು ಪಡೆಯಬಹುದಿತ್ತು. ಹಾಗಾಗಿ ಅವನಿಗೆ ಯಾವ ಪತ್ರಿಕೆ ಇಟ್ಟರೂ ಒಂದೇ. ಇಂಥ ಜಾಗದಲ್ಲಿ ಎಲ್ಲರಿಗೂ ಗೊತ್ತಿರುವ ಮುಖಕ್ಕೆ ಬೆಲೆ. ಎದೆ ಮೇಲೆ ಎಸ್ ಇರುವ ನೀಲಿ ಅಂಗಿ ದೂರದಿಂದಲೇ ಕಾಣುತ್ತದೆ, ಮಗು ಕೈ ಹಾಕುತ್ತದೆ.

1973ರ ಸುಮಾರಿಗೆ ಫಿಲ್ ಸ್ಯೂಲಿಂಗ್ ಅನ್ನೋ ನ್ಯೂಯಾರ್ಕ್‌ನ ವ್ಯಾಪಾರಿ ಪ್ರಕಾಶಕರ ಜೊತೆ ಹೊಸ ಒಪ್ಪಂದ ಮಾಡಿಕೊಂಡ. ಪ್ರತಿಗಳನ್ನು ನೇರವಾಗಿ ಕೊಡಿ, ಜಾಸ್ತಿ ಕಮಿಷನ್ ಕೊಡಿ, ಉಳಿದದ್ದನ್ನು ವಾಪಸ್ ಕೊಡೋದಿಲ್ಲ. ಇದರಿಂದ ಕಾಮಿಕ್ಸ್‌ಗೆ ಅಂತಲೇ ಅಂಗಡಿಗಳು ಬೆಳೆದವು. ವಾಪಸ್ ಇಲ್ಲ ಅಂದ ಮೇಲೆ ಅಂಗಡಿಯವನು ಲೆಕ್ಕ ಹಾಕಿ ತರಿಸಬೇಕು. ಯಾರಿಗೆ ಲೆಕ್ಕ? ಪ್ರತಿವಾರ ತಪ್ಪದೆ ಬರುವ ಗಿರಾಕಿಗೆ. ಅವನು ಮಗುವಲ್ಲ, ಕಾಲೇಜು ಹುಡುಗ ಅಥವಾ ಕೆಲಸಕ್ಕೆ ಸೇರಿದವನು. ಅವನಿಗೆ ಗುರುತಿನ ಮುಖ ಸಾಲದು, ಖಾರವಾದ ಕತೆ ಬೇಕು.

1986ರಲ್ಲಿ ಫ್ರಾಂಕ್ ಮಿಲ್ಲರ್ ಬರೆದು ಚಿತ್ರಿಸಿದ 'ದ ಡಾರ್ಕ್ ನೈಟ್ ರಿಟರ್ನ್ಸ್' ಈ ಗಿರಾಕಿಗೇ ಬಂದದ್ದು. ನಾಲ್ಕು ಸಂಚಿಕೆ, ಒಳ್ಳೆ ಕಾಗದ, ಪುಸ್ತಕದ ಹಾಗೆ ಚೌಕ ಬೆನ್ನು. ಆಗ ಮಾಮೂಲಿ ಕಾಮಿಕ್ಸ್‌ಗೆ 75 ಸೆಂಟ್ಸ್, ಇದಕ್ಕೆ 2 ಡಾಲರ್ 95 ಸೆಂಟ್ಸ್. ಮಗುವಿನ ಪಾಕೆಟ್ ಮನಿಗೆ ಎಟುಕುವ ಬೆಲೆ ಅಲ್ಲವೇ ಅಲ್ಲ. ಕತೆಯಲ್ಲಿ ವಯಸ್ಸಾದ ಬ್ಯಾಟ್‌ಮ್ಯಾನ್ ಮತ್ತೆ ಬೀದಿಗಿಳಿಯುತ್ತಾನೆ. ಸೂಪರ್‌ಮ್ಯಾನ್ ಸರ್ಕಾರ ಹೇಳಿದ ಕೆಲಸ ಮಾಡಿಕೊಂಡಿರುತ್ತಾನೆ. ಕೊನೆಯ ಸಂಚಿಕೆಯಲ್ಲಿ ಇಬ್ಬರಿಗೂ ಹೊಡೆದಾಟ. ಬ್ಯಾಟ್‌ಮ್ಯಾನ್ ಮೈಗೆ ಲೋಹದ ಕವಚ ತೊಟ್ಟು, ಬಿಲ್ಲುಗಾರ ಹೀರೋ ಗ್ರೀನ್ ಆ್ಯರೋ ಬಿಟ್ಟ ಕ್ರಿಪ್ಟೋನೈಟ್ ಬಾಣದ ಬಲದಿಂದ ಸೂಪರ್‌ಮ್ಯಾನ್‌ನ ಕುತ್ತಿಗೆ ಹಿಡಿಯುತ್ತಾನೆ. ತನ್ನ ಮೊದಲನೇ ಹೀರೋನನ್ನು ಎರಡನೆಯವನ ಕೈಯಲ್ಲಿ ಹೊಡೆಸಿ, ಡಿಸಿಯೇ ಅದನ್ನು ದುಬಾರಿ ಕಾಗದದಲ್ಲಿ ಅಚ್ಚು ಹಾಕಿ ಮಾರಿತು. ಪಟ್ಟ ಕೈ ಬದಲಾದ ಗಳಿಗೆ ಯಾವುದು ಅಂತ ಕೇಳಿದರೆ ನಾನು ಈ ಪುಟಗಳನ್ನೇ ತೋರಿಸುತ್ತೇನೆ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. 1987ರಲ್ಲಿ ಸೂಪರ್‌ಮ್ಯಾನ್‌ನ ನಾಲ್ಕನೇ ಸಿನಿಮಾ ತೋಪಾಯಿತು. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ, ಎರಡನೇ ರಾಬಿನ್ ಆಗಿದ್ದ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಅಂತ ಡಿಸಿ ಓದುಗರಿಗೆ ಫೋನ್ ನಂಬರ್ ಕೊಟ್ಟಿತು. ಒಂದು ಕರೆಗೆ 50 ಸೆಂಟ್ಸ್. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ಕರೆಯಲ್ಲಿ ಹುಡುಗ ಸತ್ತ. 1989ರಲ್ಲಿ ಮೈಕಲ್ ಕೀಟನ್, ಜಾಕ್ ನಿಕೋಲ್ಸನ್ ಇದ್ದ ಬ್ಯಾಟ್‌ಮ್ಯಾನ್ ಸಿನಿಮಾ ಪ್ರಪಂಚದಾದ್ಯಂತ 40 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಹಳದಿ ಅಂಡಾಕಾರದೊಳಗಿನ ಕಪ್ಪು ಬಾವಲಿ ಟೀಶರ್ಟ್, ಟೋಪಿ, ಕಾಫಿ ಮಗ್ ಎಲ್ಲದರ ಮೇಲೂ ಹತ್ತಿತು.

ಸೂಪರ್‌ಮ್ಯಾನ್ ಸುಮ್ನೆ ಕೂರಲಿಲ್ಲ. 1992ರ ನವೆಂಬರ್‌ನಲ್ಲಿ ಬಂದ ಅವನ 75ನೇ ಸಂಚಿಕೆ 60 ಲಕ್ಷ ಪ್ರತಿ ಖರ್ಚಾಯಿತು. ಕಪ್ಪು ಪ್ಲಾಸ್ಟಿಕ್ ಕವರ್, ಒಳಗೆ ತೋಳಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ. ಹಿಂದಿನ ಸಂಚಿಕೆಗಳಲ್ಲಿ ಪುಟಕ್ಕೆ ನಾಲ್ಕು ಚಿತ್ರ, ಮೂರು, ಎರಡು ಅಂತ ಇಳಿಸಿಕೊಂಡು ಬಂದು, ಇದರಲ್ಲಿ ಪುಟಕ್ಕೊಂದೇ ಚಿತ್ರ. ಬ್ಯಾಟ್‌ಮ್ಯಾನ್‌ಗೂ ಅಂಥ ಸಂಖ್ಯೆ ಕನಸೇ. ಆದರೆ ಏನು ಕತೆ ಅದು? ಸೂಪರ್‌ಮ್ಯಾನ್ ಸಾಯುವ ಕತೆ. ಅಷ್ಟು ಜನ ಬರಬೇಕಾದರೆ ಅವನು ಸಾಯಬೇಕಾಯಿತು. ಬಂದವರಲ್ಲಿ ಎಷ್ಟೋ ಜನ ಮುಂದೆ ಬೆಲೆ ಏರುತ್ತದೆ ಅಂತ ಕವರ್ ಕೂಡ ಬಿಚ್ಚದೆ ಎತ್ತಿಟ್ಟವರು. ಎಲ್ಲರ ಹತ್ತಿರವೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಏರಬೇಕು!

ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುವುದು 2013ರದ್ದು. ಆ ವರ್ಷ ಸೂಪರ್‌ಮ್ಯಾನ್‌ನ ದೊಡ್ಡ ಸಿನಿಮಾ ಬಂದಿತ್ತು, ಬ್ಯಾಟ್‌ಮ್ಯಾನ್‌ನದು ಇರಲಿಲ್ಲ. ಆದರೂ ಹೆಸರು ಅಂಟಿಸಿದ ಆಟಿಕೆ, ಬಟ್ಟೆ ಮುಂತಾದವುಗಳ ಮಾರಾಟದಲ್ಲಿ ಬ್ಯಾಟ್‌ಮ್ಯಾನ್ ಪಾಲು 49.4 ಕೋಟಿ ಡಾಲರ್, ಸೂಪರ್‌ಮ್ಯಾನ್ ಪಾಲು 27.7 ಕೋಟಿ ಅಂತ ಉದ್ಯಮದ ಪತ್ರಿಕೆಗಳು ವರದಿ ಮಾಡಿದವು. ತನ್ನ ಹಬ್ಬದ ದಿನವೂ ಸೂಪರ್‌ಮ್ಯಾನ್ ಹಿಂದೆಯೇ. ಆ ಸಿನಿಮಾದ ಮುಂದಿನ ಭಾಗ 2016ರಲ್ಲಿ ಬಂದಾಗ ಹೆಸರಿನಲ್ಲಿ ಮೊದಲು ಇದ್ದದ್ದು ಬ್ಯಾಟ್‌ಮ್ಯಾನ್.

ಬ್ಯಾಟ್‌ಮ್ಯಾನ್ ನಮ್ಮ ಹಾಗೆ ಮನುಷ್ಯ, ಅದಕ್ಕೇ ಹತ್ತಿರ ಅನ್ನಿಸುತ್ತಾನೆ ಅನ್ನುವ ಮಾತು ಇದೆ. ಮನೆ ಕೆಳಗಿನ ಗವಿಯಲ್ಲಿ ಜೆಟ್ ವಿಮಾನ ಇಟ್ಟುಕೊಂಡ ಆಗರ್ಭ ಶ್ರೀಮಂತ ಯಾವ ರೀತಿಯಲ್ಲಿ ನಮ್ಮ ಹಾಗೆ? ಸಂಬಳಕ್ಕೆ ಪತ್ರಿಕಾ ಕಚೇರಿಯಲ್ಲಿ ದುಡಿಯುವ ಕ್ಲಾರ್ಕ್ ಕೆಂಟ್, ಅಂದರೆ ವೇಷ ಬಿಚ್ಚಿದ ಸೂಪರ್‌ಮ್ಯಾನ್, ನಮಗೆ ಹತ್ತಿರ. ವಿಷಯ ಬೇರೆ ಇದೆ. ಬ್ಯಾಟ್‌ಮ್ಯಾನ್‌ನನ್ನು ಯಾವ ಥರದ ಕತೆಗೆ ಬೇಕಾದರೂ ಹಾಕಬಹುದು. ಪತ್ತೇದಾರಿ, ಭಯಾನಕ, ತಮಾಷೆ, ಲೆಗೋ ಗೊಂಬೆಯ ಸಿನಿಮಾ ಕೂಡ. ಸೂಪರ್‌ಮ್ಯಾನ್‌ಗೆ ಕತೆ ಬರೆಯೋದು ಕಷ್ಟ. ಐದೇ ನಿಮಿಷದಲ್ಲಿ ಎಲ್ಲ ಸರಿಮಾಡಬಲ್ಲವನಿಗೆ ನೂರು ಪುಟ ತುಂಬುವ ಕಷ್ಟ ಎಲ್ಲಿಂದ ತರೋದು? ಜೊತೆಗೆ ಬ್ಯಾಟ್‌ಮ್ಯಾನ್‌ನ ಖಳರು ತಾವೇ ಸ್ಟಾರ್‌ಗಳು. 2019ರ 'ಜೋಕರ್' ಸಿನಿಮಾದಲ್ಲಿ ಬ್ಯಾಟ್‌ಮ್ಯಾನ್ ವೇಷವೇ ಇಲ್ಲ, ಆದರೂ 100 ಕೋಟಿ ಡಾಲರ್ ದಾಟಿತು. ಸೂಪರ್‌ಮ್ಯಾನ್‌ನ ಖಳ ಲೆಕ್ಸ್ ಲೂಥರ್ ಹೆಸರಲ್ಲಿ ಅಂಥದ್ದು ಊಹಿಸಿಕೊಳ್ಳಿ ನೋಡೋಣ.

ಇತ್ತೀಚಿನ ಸ್ಥಿತಿಯೂ ಅದೇ. 2024ರ ಅಕ್ಟೋಬರ್‌ನಲ್ಲಿ ಡಿಸಿ 'ಆ್ಯಬ್ಸಲ್ಯೂಟ್' ಅನ್ನೋ ಹೊಸ ಸರಣಿಗಳನ್ನು ಶುರುಮಾಡಿತು. ಅದರಲ್ಲಿ ಬ್ಯಾಟ್‌ಮ್ಯಾನ್ ಹತ್ತಿರ ಆಸ್ತಿಯೂ ಇಲ್ಲ, ಬಂಗಲೆಯೂ ಇಲ್ಲ. ದುಡ್ಡು ಕಿತ್ತುಕೊಂಡರೂ ಅವನ ಸಂಚಿಕೆ ಆ ವರ್ಷದ ಅತಿ ಹೆಚ್ಚು ಮಾರಾಟವಾದ ಕಾಮಿಕ್ಸ್‌ಗಳ ಸಾಲಿಗೆ ಸೇರಿತು.

ಸೂಪರ್‌ಮ್ಯಾನ್ ಗೆಲ್ಲುವ ಜಾಗ ಒಂದಿದೆ, ಹರಾಜು. ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆಯ ಒಂದು ಪ್ರತಿ 2021ರಲ್ಲಿ 22 ಲಕ್ಷ ಡಾಲರ್‌ಗೆ ಹೋಯಿತು. ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ 2024ರಲ್ಲಿ 60 ಲಕ್ಷಕ್ಕೆ ಹೋಯಿತು. 2025ರ ನವೆಂಬರ್‌ನಲ್ಲಿ 1939ರ 'ಸೂಪರ್‌ಮ್ಯಾನ್' ಮೊದಲ ಸಂಚಿಕೆ 91 ಲಕ್ಷ ಡಾಲರ್ ದಾಟಿತು. ತಾಯಿ ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಹಳೇ ಪೇಪರ್ ಕೆಳಗೆ ಸಿಕ್ಕಿದ ಪ್ರತಿ ಅದು. ದುಡ್ಡಿದ್ದವರು ಕೊಳ್ಳುವುದು ಮೊದಲು ಹುಟ್ಟಿದವನನ್ನು. ತಿಂಗಳು ತಿಂಗಳು ಓದುವವರು ಕೊಳ್ಳುವುದು ಇನ್ನೊಬ್ಬನನ್ನು.

2025ರ 'ಸೂಪರ್‌ಮ್ಯಾನ್' ಸಿನಿಮಾ 60 ಕೋಟಿ ಡಾಲರ್ ದಾಟಿ, ಆ ವರ್ಷ ಬಂದ, ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನ ಮೂರೂ ಸಿನಿಮಾಗಳಿಗಿಂತ ಜಾಸ್ತಿ ಗಳಿಸಿತು ಅನ್ನೋದನ್ನೂ ಹೇಳಬೇಕು. ಒಳ್ಳೆಯ ಸುದ್ದಿಯೇ. ಆದರೆ 2022ರ ಬ್ಯಾಟ್‌ಮ್ಯಾನ್ ಸಿನಿಮಾ 77 ಕೋಟಿಯ ಹತ್ತಿರ ಹೋಗಿತ್ತು.

ಇದೇ ಪ್ರಶ್ನೆಯನ್ನು ಮಾರ್ವೆಲ್ ಬಗ್ಗೆ ಕೇಳಿದರೆ ಉತ್ತರ ಉಲ್ಟಾ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಇವತ್ತಿಗೂ ಅಲ್ಲಿ ಮೊದಲಿಗ. ಎಕ್ಸ್‌ಮೆನ್ ಬಂದರು, ಐರನ್‌ಮ್ಯಾನ್ ಬಂದ, ಅವನು ಅಲುಗಾಡಲಿಲ್ಲ. 2013ರ ಅದೇ ಪಟ್ಟಿಯಲ್ಲಿ ಅವನದು 130 ಕೋಟಿ ಡಾಲರ್, ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನ್ ಇಬ್ಬರನ್ನೂ ಕೂಡಿದರೂ ಸಾಲದು. 2023ರಲ್ಲಿ ಅವನ ಅನಿಮೇಷನ್ ಸಿನಿಮಾ ಒಂದು ಕನ್ನಡಕ್ಕೂ ಡಬ್ ಆಗಿ ಬಂತು.

ಡಿಸಿ ಪಟ್ಟಿ ಮತ್ತೆ ತಿರುಗುಮುರುಗಾಗುವ ಸಾಧ್ಯತೆ ನನಗಂತೂ ಕಾಣುತ್ತಿಲ್ಲ. ಆದರೆ ಒಂದು ತಾರೀಖು ನೆನಪಿಟ್ಟುಕೊಳ್ಳಿ. ಅಮೆರಿಕದ ಈಗಿನ ಕಾನೂನಿನಂತೆ 2034ರ ಜನವರಿ 1ಕ್ಕೆ 1938ರ ಸೂಪರ್‌ಮ್ಯಾನ್ ಕತೆಯ ಕೃತಿಸ್ವಾಮ್ಯ ಮುಗಿಯುತ್ತದೆ. ಟ್ರೇಡ್‌ಮಾರ್ಕ್ ತಕರಾರು ಬೇರೆ, ಅದು ಇದ್ದೇ ಇರುತ್ತದೆ. ಆದರೂ ಹಾರಲು ಬಾರದ, ಬರೀ ಉದ್ದ ಜಿಗಿಯುತ್ತಿದ್ದ ಆ ಮೊದಲ ಸೂಪರ್‌ಮ್ಯಾನ್‌ನನ್ನು ಇಟ್ಟುಕೊಂಡು ಅಲ್ಲಿ ಯಾರು ಬೇಕಾದರೂ ಹೊಸ ಕತೆ ಬರೆಯಬಹುದು. ಬ್ಯಾಟ್‌ಮ್ಯಾನ್‌ನ ಸರದಿ ಬರುವುದು ಅದಾಗಿ ಒಂದು ವರ್ಷಕ್ಕೆ, 2035ರಲ್ಲಿ.