ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ: ತೊಂದರೆ ಕತ್ತಿನದೋ, ಮಣಿಕಟ್ಟಿನದೋ?

ಪ್ರಶ್ನೆ: ನನಗೆ 46 ವರ್ಷ. ಕೆಲವು ತಿಂಗಳಿಂದ ನಡುರಾತ್ರಿ ಬಲಗೈ ಜೋಮು ಹಿಡಿದು, ಉರಿದಂತಾಗಿ ಎಚ್ಚರವಾಗುತ್ತದೆ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಹಗಲಲ್ಲಿ ಫೋನ್ ಹಿಡಿದು ಮಾತನಾಡುವಾಗಲೂ ಬೆರಳುಗಳು ಜುಮುಗುಡುತ್ತವೆ. ಕತ್ತಿನ ಎಕ್ಸ್‌ರೇಯಲ್ಲಿ ಮೂಳೆ ಸವೆದಿದೆ ಎಂದು ಬಂತು. ನರಕ್ಕೆ ಒಳ್ಳೆಯದೆಂದು ವಿಟಮಿನ್ ಮಾತ್ರೆ ನುಂಗುತ್ತಿದ್ದೇನೆ, ಗುಣ ಕಂಡಿಲ್ಲ. ಇದು ಕತ್ತಿನ ತೊಂದರೆಯೇ, ವಾತವೇ ಅಥವಾ ಬೇರೇನಾದರೂ ಇರಬಹುದೇ?

ಉತ್ತರ: ನಿದ್ದೆಯಲ್ಲಿ ಜೋಮು ಹಿಡಿಯುವುದು, ಕೊಡವಿದರೆ ಬಿಡುವುದು. ಈ ಎರಡೂ ಜೊತೆಯಲ್ಲಿದ್ದರೆ ಮೊದಲು ನೋಡಬೇಕಾದ್ದು ಮಣಿಕಟ್ಟನ್ನು. ಅಲ್ಲಿ ಮೀಡಿಯನ್ ನರ ಒತ್ತಿಹೋಗುವ ತೊಂದರೆಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಕೈಯ ನರದ ತೊಂದರೆಗಳಲ್ಲೆಲ್ಲ ಹೆಚ್ಚು ಕಾಣುವುದು ಇದೇ. ಕತ್ತಿನ ಎಕ್ಸ್‌ರೇಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಲವತ್ತು ದಾಟಿದವರಲ್ಲಿ ಯಾವ ನೋವೂ ಇಲ್ಲದವರ ಕತ್ತಿನಲ್ಲೂ ಸವೆತ ಕಾಣುತ್ತದೆ. ಸವೆತ ಇದೆ ಎಂದ ಮಾತ್ರಕ್ಕೆ ಜೋಮಿಗೆ ಅದೇ ಕಾರಣ ಎಂದಾಗುವುದಿಲ್ಲ. ಎಕ್ಸ್‌ರೇಗಿಂತ ಹೆಚ್ಚಿನ ಸುಳಿವು ನಿಮ್ಮ ಬೆರಳುಗಳಲ್ಲೇ ಇದೆ.

ಇವತ್ತು ರಾತ್ರಿ ಎಚ್ಚರವಾದಾಗ ಕೈ ಕೊಡವುವ ಮೊದಲು ಕ್ಷಣಕಾಲ ಗಮನಿಸಿ: ಯಾವ ಬೆರಳು ಮರಗಟ್ಟಿದೆ? ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶ ಕೊಡುವುದು ಮೀಡಿಯನ್ ನರ. ಕಿರುಬೆರಳು ಮತ್ತು ಉಂಗುರ ಬೆರಳಿನ ಇನ್ನರ್ಧ ಅಲ್ನರ್ ನರದ ಪಾಲು. ಕೇಳಿದರೆ ಹೆಚ್ಚಿನವರು ‘ಇಡೀ ಕೈ’ ಎಂದೇ ಹೇಳುತ್ತಾರೆ, ನಿದ್ದೆಗಣ್ಣಿನಲ್ಲಿ ಅದು ಸಹಜ. ಕಿರುಬೆರಳನ್ನೊಂದನ್ನೇ ಮುಟ್ಟಿ ನೋಡಿದಾಗ ಅದು ಸರಿಯಾಗಿಯೇ ಇದೆ ಎಂದು ತಿಳಿಯುತ್ತದೆ.

ಇನ್ನೂ ಸೂಕ್ಷ್ಮವಾದ ಪರೀಕ್ಷೆ ಉಂಗುರ ಬೆರಳಿನದು. ಹತ್ತಿಯ ಎಳೆಯಿಂದ ಅದರ ಎರಡೂ ಪಕ್ಕಗಳನ್ನು ಒಂದಾದ ಮೇಲೊಂದು ಸವರಿ. ನಡುಬೆರಳಿನ ಕಡೆಯ ಪಕ್ಕ ಮಂದವಾಗಿದ್ದು ಕಿರುಬೆರಳಿನ ಕಡೆಯದು ಚುರುಕಾಗಿದ್ದರೆ ಒತ್ತಡ ಮೀಡಿಯನ್ ನರದ ಮೇಲಿದೆ, ಹೆಚ್ಚಾಗಿ ಮಣಿಕಟ್ಟಿನಲ್ಲೇ. ಕತ್ತಿನ ನರಬೇರಿನ ತೊಂದರೆ ಹೀಗೆ ಒಂದೇ ಬೆರಳನ್ನು ಎರಡು ಪಾಲು ಮಾಡುವುದು ಅಪರೂಪ. ಹಾಗೆಯೇ ಹೆಬ್ಬೆರಳ ಬುಡದ ದಿಬ್ಬದ ಚರ್ಮವನ್ನೂ ಸವರಿ ನೋಡಿ. ಆ ಚರ್ಮಕ್ಕೆ ಹೋಗುವ ಕವಲು ಸುರಂಗದೊಳಗೆ ಹೋಗದೆ ಮೇಲಿನಿಂದಲೇ ಹಾಯುವುದರಿಂದ ಬೆರಳು ಮರಗಟ್ಟಿದ್ದರೂ ಅಲ್ಲಿ ಸ್ಪರ್ಶ ಉಳಿದಿರುತ್ತದೆ.

ಸುರಂಗ ಎಂದದ್ದು ಮಣಿಕಟ್ಟಿನ ಅಂಗೈ ಕಡೆಯ ಇಕ್ಕಟ್ಟಾದ ದಾರಿಯನ್ನು. ಅದರ ತಳ ಮತ್ತು ಪಕ್ಕದ ಗೋಡೆಗಳು ಮೂಳೆಯವು, ಮೇಲ್ಛಾವಣಿ ದಪ್ಪನೆಯ, ಹಿಗ್ಗದ ಒಂದು ಪಟ್ಟಿ. ಒಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು, ಅವುಗಳ ಜೊತೆ ಈ ಒಂದು ನರ. ರಜ್ಜುಗಳ ಹೊದಿಕೆ ಸ್ವಲ್ಪ ಊದಿದರೂ ಸಾಕು, ಜಾಗವಿಲ್ಲದೆ ಪೆಟ್ಟು ತಿನ್ನುವುದು ಮೆತ್ತನೆಯ ನರವೇ. ಮಣಿಕಟ್ಟನ್ನು ಮುಂದಕ್ಕೋ ಹಿಂದಕ್ಕೋ ಪೂರ್ತಿ ಬಾಗಿಸಿದರೆ ಒಳಗಿನ ಒತ್ತಡ ಹಲವು ಪಟ್ಟು ಏರಿ ನರಕ್ಕೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ನಿದ್ದೆಯಲ್ಲಿ ನಮಗೆ ಅರಿವಿಲ್ಲದೆ ಮಣಿಕಟ್ಟು ಮಡಚಿರುತ್ತದೆ. ಮಲಗಿದಾಗ ಕಾಲಿನ ಕಡೆ ಇಳಿದಿದ್ದ ನೀರಿನಂಶವೂ ಕೈಗಳತ್ತ ಹಂಚಿಹೋಗುತ್ತದೆ. ರಾತ್ರಿಯೇ ಕಾಟ ಹೆಚ್ಚಲು ಕಾರಣ ಇದು. ಫೋನ್, ಸ್ಟೀರಿಂಗ್, ಪುಸ್ತಕ ಹಿಡಿದಾಗ ಜೋಮು ಬರುವುದೂ ಮಣಿಕಟ್ಟು ಬಾಗಿಯೇ ನಿಲ್ಲುವುದರಿಂದ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿಕೊಳ್ಳಬಹುದು. ಮೊದಲನೆಯದು: ಎರಡೂ ಹಿಂಗೈಗಳನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲದ ಕಡೆ ಇರುವಂತೆ ಮಣಿಕಟ್ಟು ಮಡಚಿ 60 ಸೆಕೆಂಡ್ ಹಿಡಿಯಿರಿ. ಮೊಣಕೈಯನ್ನು ಅತಿಯಾಗಿ ಮಡಚಬೇಡಿ, ಮಡಚಿದರೆ ಅಲ್ನರ್ ನರ ಎಳೆದು ಕಿರುಬೆರಳು ಜುಮುಗುಟ್ಟಿ ಗೊಂದಲವಾಗುತ್ತದೆ. ಎರಡನೆಯದು: ಮಣಿಕಟ್ಟಿನ ಗೆರೆ ದಾಟಿದ ಕೂಡಲೇ, ಅಂಗೈಯ ಎರಡು ದಿಬ್ಬಗಳ ನಡುವಿನ ಜಾಗವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ರಾತ್ರಿ ಬರುವಂಥದೇ ಜೋಮು ಅದೇ ಬೆರಳುಗಳಲ್ಲಿ ಬಂದರೆ ಅನುಮಾನ ಬಲವಾಗುತ್ತದೆ. ಬರದಿದ್ದರೆ ತೊಂದರೆಯೇ ಇಲ್ಲವೆಂದಲ್ಲ.

ಮೂರನೆಯದು ಶಕ್ತಿಯದು, ಎಲ್ಲಕ್ಕಿಂತ ಮುಖ್ಯವೂ ಹೌದು. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಹೆಬ್ಬೆರಳನ್ನು ನೇರವಾಗಿ ಸೂರಿನ ಕಡೆ ಎತ್ತಿ, ಬೇರೊಬ್ಬರು ಅದನ್ನು ಕೆಳಗೆ ಒತ್ತುವಾಗ ತಡೆಯಿರಿ. ಎರಡೂ ಕೈ ಹೋಲಿಸಿ. ಜೊತೆಗೆ ಹೆಬ್ಬೆರಳ ಬುಡದ ದಿಬ್ಬವನ್ನು ಪಕ್ಕದಿಂದ ನೋಡಿ: ಉಬ್ಬಿರಬೇಕಾದ ಜಾಗ ಚಪ್ಪಟೆಯಾಗಿದ್ದರೆ ಸ್ನಾಯು ಕರಗಲು ತೊಡಗಿದೆ ಎಂದರ್ಥ. ಆಗ ಕಾಯಬಾರದು.

ಕತ್ತಿನಿಂದ ಬರುವ ಜೋಮಿನ ಲಕ್ಷಣವೇ ಬೇರೆ. ಕತ್ತಿನಿಂದ ಹೊರಟ ನೋವು ಭುಜದ ಹಲಗೆ, ತೋಳು ಹಾದು ಕೈಗೆ ಇಳಿಯುತ್ತದೆ. ಮುಂದೋಳಿನ ಚರ್ಮವೂ ಮಂದವಾಗಬಹುದು, ಮಣಿಕಟ್ಟಿನ ತೊಂದರೆಯಲ್ಲಿ ನೋವು ಭುಜದವರೆಗೆ ಏರಿದರೂ ಮುಂದೋಳಿನ ಸ್ಪರ್ಶ ಹೋಗುವುದಿಲ್ಲ. ತಲೆಯನ್ನು ನೋವಿನ ಕಡೆಗೆ ವಾಲಿಸಿ ಮೆಲ್ಲಗೆ ಹಿಂದಕ್ಕೆ ಬಾಗಿಸಿದಾಗ ಕೈಗೆ ಮಿಂಚು ಹರಿದಂತಾದರೆ, ಅಥವಾ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಾಗ ಹಾಯೆನಿಸಿದರೆ ಕತ್ತಿನ ಕಡೆ ನೋಡಬೇಕು. ಎರಡೂ ಕಡೆ ಒಟ್ಟಿಗೇ ತೊಂದರೆ ಇರುವವರೂ ಇದ್ದಾರೆ. ಅಂಥವರಿಗೆ ಒಂದಕ್ಕೆ ಮಾತ್ರ ಚಿಕಿತ್ಸೆಯಾದರೆ ಅರ್ಧ ಗುಣವಾಗಿ ಅಲ್ಲೇ ನಿಲ್ಲುತ್ತದೆ.

ಕಿರುಬೆರಳೇ ಮರಗಟ್ಟುತ್ತಿದ್ದರೆ ಮೊಣಕೈ ನೋಡಿ. ಒಳಪಕ್ಕದ ಮೂಳೆಯ ಹಿಂದೆ, ತಾಗಿದರೆ ಕರೆಂಟ್ ಹೊಡೆದಂತಾಗುವ ಜಾಗದಲ್ಲಿ ಅಲ್ನರ್ ನರ ಹಾಯುತ್ತದೆ. ಮೊಣಕೈ ಮಡಚಿ ತಲೆಯಡಿ ಇಟ್ಟು ಮಲಗುವವರಲ್ಲಿ, ಮೇಜಿನ ಅಂಚಿಗೆ ಮೊಣಕೈ ಊರುವವರಲ್ಲಿ ಇದು ಹೆಚ್ಚು. ರಾತ್ರಿ ಮೊಣಕೈಗೆ ಟವೆಲ್ ಸುತ್ತಿ ಪೂರ್ತಿ ಮಡಚದಂತೆ ಮಾಡುವುದೇ ಮೊದಲ ಚಿಕಿತ್ಸೆ.

ಎರಡೂ ಪಾದಗಳಲ್ಲಿ ಮೊದಲು ಉರಿ, ಜೋಮು ಶುರುವಾಗಿ ಆಮೇಲೆ ಕೈಗೆ ಬಂದಿದ್ದರೆ ಅದು ಒಂದು ಜಾಗದಲ್ಲಿ ನರ ಒತ್ತಿದ್ದಲ್ಲ, ಸಕ್ಕರೆ ಕಾಯಿಲೆಯಂಥ ಕಾರಣದಿಂದ ನರಗಳೇ ಸೊರಗಿದ್ದು. ವಿಟಮಿನ್ ಬಿ12 ಕೊರತೆಯಲ್ಲೂ ಹೀಗಾಗುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು, ಅವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಇನ್ನು ವಾತದ ಮಾತು. ಜನ ವಾತ ಎನ್ನುವುದರಲ್ಲಿ ಹಲವು ರೋಗಗಳಿವೆ. ನಾವಿಲ್ಲಿ ಕಾಳಜಿಯಿಂದ ಹುಡುಕುವುದು ರುಮಟಾಯ್ಡ್ ಸಂಧಿವಾತವನ್ನು, ಏಕೆಂದರೆ ಅದು ಮೊದಲ ಕೆಲವು ತಿಂಗಳಲ್ಲೇ ಕೀಲುಗಳನ್ನು ಹಾಳುಮಾಡತೊಡಗುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು, ಬಹಳ ಸಲ ಒಂದು ಗಂಟೆಯ ಮೇಲೂ ಬೆರಳು ಬಿಗಿದಿರುವುದು, ಎರಡೂ ಕೈಗಳ ಬೆರಳ ಬುಡದ ಗಿಣ್ಣು ಮತ್ತು ನಡುಗಿಣ್ಣು ಮೆತ್ತಗೆ ಊದುವುದು, ಕೈಕುಲುಕುವಾಗ ಗಿಣ್ಣುಗಳನ್ನು ಅಮುಕಿದರೆ ನೋಯುವುದು ಇದರ ಗುರುತು. ಉಗುರಿನ ಬಳಿಯ ತುದಿಗಿಣ್ಣಿನಲ್ಲಿ ಗಟ್ಟಿ ಗಂಟು ಕಟ್ಟಿದ್ದರೆ ಅದು ಸಾಮಾನ್ಯವಾಗಿ ವಯಸ್ಸಿನೊಂದಿಗೆ ಬರುವ ಸವೆತದ ಸಂಧಿವಾತ. ರುಮಟಾಯ್ಡ್‌ನಲ್ಲಿ ಮಣಿಕಟ್ಟಿನ ರಜ್ಜುಗಳ ಹೊದಿಕೆ ಊದುವುದರಿಂದ ಕಾರ್ಪಲ್ ಟನಲ್ ತೊಂದರೆಯೇ ಅದರ ಮೊದಲ ಸೂಚನೆ ಆಗಿರಬಹುದು. ಆರ್‌ಎ ಫ್ಯಾಕ್ಟರ್ ಎಂಬ ರಕ್ತ ಪರೀಕ್ಷೆಯೊಂದನ್ನೇ ನಂಬಬೇಡಿ: ರೋಗವಿಲ್ಲದವರಲ್ಲೂ ಪಾಸಿಟಿವ್ ಬರುತ್ತದೆ, ರೋಗವಿದ್ದವರಲ್ಲೂ ನೆಗೆಟಿವ್ ಬರಬಹುದು. ಊತ 6 ವಾರ ದಾಟಿದರೆ ರುಮಟಾಲಜಿ ವೈದ್ಯರನ್ನು ಕಾಣಿ. ಅವರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ನೆನಪಿಡಿ, ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಅಧಿಕ ತೂಕ, ಹಿಂದೆ ಮಣಿಕಟ್ಟು ಮುರಿದಿದ್ದು, ಕಂಪಿಸುವ ಯಂತ್ರಗಳ ಕೆಲಸ ಇವೆಲ್ಲ ಈ ಸುರಂಗವನ್ನು ಇಕ್ಕಟ್ಟಾಗಿಸುತ್ತವೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಬಂದದ್ದು ಹೆಚ್ಚಾಗಿ ಹೆರಿಗೆಯ ನಂತರ ತಾನೇ ಇಳಿಯುತ್ತದೆ.

ತಡಮಾಡದೆ ಹೋಗಬೇಕಾದ ಸಂದರ್ಭಗಳು: ಇದ್ದಕ್ಕಿದ್ದಂತೆ ಒಂದು ಕಡೆಯ ಕೈ ಸೋತು ಮಾತು ತೊದಲಿದರೆ ಅಥವಾ ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು, ಒಂದು ನಿಮಿಷವೂ ಕಳೆಯಬಾರದು. ಎದೆ ಬಿಗಿತ, ಬೆವರಿನ ಜೊತೆ ಎಡಗೈ ನೋವು ಬಂದರೂ ತುರ್ತು ವಿಭಾಗಕ್ಕೇ ಹೋಗಬೇಕು. ಎರಡೂ ಕೈ ಮೊದ್ದಾಗಿ ಗುಂಡಿ ಹಾಕಲು ಬಾರದೆ, ನಡಿಗೆ ತೂರಾಡುತ್ತ, ಮೂತ್ರದ ಹಿಡಿತ ತಪ್ಪುತ್ತಿದ್ದರೆ ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿರಬಹುದು. ಇಂಥ ಲಕ್ಷಣಕ್ಕೆ ಕತ್ತಿನ ಎಂಆರ್‌ಐ ಬೇಕೇಬೇಕು.

ಚಿಕಿತ್ಸೆ ಹೇಗೆ ಸಾಗುತ್ತದೆ

ತೊಂದರೆ ಬಂದುಹೋಗುವ ಹಂತದಲ್ಲಿದ್ದು ಹೆಬ್ಬೆರಳ ಶಕ್ತಿ ಸರಿಯಿದ್ದರೆ ಮೊದಲ ಮದ್ದು ರಾತ್ರಿಯ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಮಡಚದಂತೆ ಹಿಡಿದಿಡುವ ಆಸರೆ. ಇಲ್ಲಿ ಹೆಚ್ಚಿನವರು ಎಡವುವುದು ಅದರ ಕೋನದಲ್ಲಿ. ಸಿದ್ಧ ಸ್ಪ್ಲಿಂಟ್‌ಗಳ ಅಂಗೈ ಕಡೆಯ ಲೋಹದ ಪಟ್ಟಿ ಸಾಮಾನ್ಯವಾಗಿ ಕೈಯನ್ನು 20 ರಿಂದ 30 ಡಿಗ್ರಿ ಹಿಂದಕ್ಕೆ ಎತ್ತಿ ಹಿಡಿಯುವಂತೆ ಬಾಗಿರುತ್ತದೆ. ಆ ಭಂಗಿಯಲ್ಲೂ ಸುರಂಗದ ಒತ್ತಡ ಏರುತ್ತದೆ. ಪಟ್ಟಿಯನ್ನು ಹೊರಗೆಳೆದು, ಮಣಿಕಟ್ಟು ನೆಟ್ಟಗೆ ನಿಲ್ಲುವಂತೆ ನೇರ ಮಾಡಿ ಮತ್ತೆ ಸೇರಿಸಿ. ಸ್ಪ್ಲಿಂಟಿನ ಮೇಲಂಚು ಅಂಗೈಯ ಅಡ್ಡಗೆರೆಯ ಹಿಂದೆಯೇ ನಿಲ್ಲಬೇಕು, ಬೆರಳು ಪೂರ್ತಿ ಮಡಚಲು ಬರಬೇಕು, ಬಿಗಿಯುವ ಪಟ್ಟಿಯಡಿ ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ಬಿಗಿ ಕಟ್ಟಿದರೆ ಜೋಮು ಇನ್ನೂ ಹೆಚ್ಚುತ್ತದೆ. ಪ್ರತಿ ರಾತ್ರಿ, ಕನಿಷ್ಠ 6 ವಾರ ತಪ್ಪದೆ ಹಾಕಿ. ಎರಡು ರಾತ್ರಿ ಹಾಕಿ ಬಿಟ್ಟು ‘ಉಪಯೋಗವಿಲ್ಲ’ ಎನ್ನುವುದು ನ್ಯಾಯವಲ್ಲ.

ನೀವು ನುಂಗುತ್ತಿರುವ ವಿಟಮಿನ್ ಮಾತ್ರೆಯ ಡಬ್ಬಿ ತಿರುಗಿಸಿ ಬಿ6, ಅಂದರೆ ಪಿರಿಡಾಕ್ಸಿನ್ ಎಷ್ಟಿದೆ ನೋಡಿ. ಒತ್ತಿಹೋದ ನರಕ್ಕೆ ಅದರಿಂದ ಪ್ರಯೋಜನವಿಲ್ಲ. ಹೆಚ್ಚಿನ ಪ್ರಮಾಣವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಬಿ6 ತಾನೇ ನರಗಳನ್ನು ಕೆಡಿಸಿ ಕೈಕಾಲು ಮರಗಟ್ಟಿಸುತ್ತದೆ. ಕೊರತೆ ಇದೆಯೆಂದು ಪರೀಕ್ಷೆ ಹೇಳದಿದ್ದರೆ ವೈದ್ಯರಿಗೆ ತೋರಿಸಿ ನಿಲ್ಲಿಸಿ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳಿಂದಲೂ ಈ ಜೋಮಿಗೆ ಹೆಚ್ಚೇನೂ ಗುಣವಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊರೆ.

ಸ್ಪ್ಲಿಂಟ್‌ಗೆ ಬಗ್ಗದಿದ್ದರೆ ಸುರಂಗದೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ 40 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್. ಕೆಲವು ದಿನಗಳಲ್ಲಿ ಆರಾಮವಾಗಿ ಅನೇಕರಿಗೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಕೆಲವರಿಗೆ ಮರಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲ ದಿನ ಸಕ್ಕರೆ ಏರುತ್ತದೆ, ಮೊದಲೇ ತಿಳಿಸಿ. ಚುಚ್ಚುವಾಗ ಬೆರಳಿಗೆ ಚುರುಕ್ಕೆಂದು ಮಿಂಚು ಹೊಡೆದರೆ ಕೂಡಲೇ ಹೇಳಿ, ಸೂಜಿ ನರಕ್ಕೆ ತಾಗಿರಬಹುದು.

ನರದ ವಿದ್ಯುತ್ ಪರೀಕ್ಷೆ ಒತ್ತಡದ ಮಟ್ಟವನ್ನು ಹೇಳುತ್ತದೆ. ಸೌಮ್ಯ ಹಂತದಲ್ಲಿ ಅದು ನಾರ್ಮಲ್ ಬರುವುದುಂಟು, ಹಾಗೆ ಬಂದರೆ ಲಕ್ಷಣಗಳೇ ಸುಳ್ಳು ಎಂದುಕೊಳ್ಳಬೇಡಿ.

ಇದರಲ್ಲಿ ಮೋಸಹೋಗುವ ಒಂದು ತಿರುವು ಇದೆ. ತಿಂಗಳುಗಟ್ಟಲೆ ಕಾಡಿದ ರಾತ್ರಿಯ ಉರಿ, ನೋವು ತಾನಾಗಿ ಕಡಿಮೆಯಾಗುತ್ತದೆ, ಆದರೆ ಬೆರಳು ಹಗಲು ರಾತ್ರಿ ಮಂದವಾಗಿಯೇ ಉಳಿಯುತ್ತದೆ, ಸೂಜಿ, ನಾಣ್ಯ ಕೈಜಾರುತ್ತವೆ. ಇದು ಗುಣವಲ್ಲ, ನರ ಸಾಯತೊಡಗಿದ ಲಕ್ಷಣ. ಜೋಮು ಬಿಡದೆ ನಿಂತಿದ್ದರೆ, ಹೆಬ್ಬೆರಳ ದಿಬ್ಬ ಇಳಿದಿದ್ದರೆ, ಅಥವಾ ಸ್ಪ್ಲಿಂಟ್, ಇಂಜೆಕ್ಷನ್ ಎರಡೂ ಸೋತಿದ್ದರೆ ಆಪರೇಷನ್ ಮುಂದೂಡಬಾರದು.

ಆಪರೇಷನ್‌ನಲ್ಲಿ ಆ ಮೇಲ್ಛಾವಣಿಯ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಸಾಮಾನ್ಯವಾಗಿ ಕೈಯಷ್ಟನ್ನೇ ಮರಗಟ್ಟಿಸಿ ಮಾಡುವುದು, ಅದೇ ದಿನ ಮನೆಗೆ. ಬೆರಳುಗಳನ್ನು ಮೊದಲ ದಿನದಿಂದಲೇ ಪೂರ್ತಿ ಮಡಚಿ ಬಿಚ್ಚುತ್ತಿರಬೇಕು, ಇಲ್ಲವಾದರೆ ಬಿಗಿದುಕೊಳ್ಳುತ್ತವೆ. ಹೊಲಿಗೆ 10 ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ರಾತ್ರಿಯ ಜೋಮು ಹೆಚ್ಚಾಗಿ ಮೊದಲ ದಿನಗಳಲ್ಲೇ ಹೋಗುತ್ತದೆ. ಅಂಗೈಯ ಬುಡದಲ್ಲಿ ಒತ್ತಿದರೆ ನೋಯುವುದು, ಹಿಡಿತ ಸಡಿಲವಾಗುವುದು ಎರಡು ಮೂರು ತಿಂಗಳು ಇದ್ದು ಇಳಿಯುತ್ತವೆ. ಹಳೆಯ ಮಂದ ಸ್ಪರ್ಶ ಮರಳುವುದು ನಿಧಾನ: ಕಡಿದುಹೋದ ನರದ ಎಳೆಗಳು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಪೂರ್ತಿ ಕರಗಿದ ಸ್ನಾಯು ಮರಳದೆಯೂ ಇರಬಹುದು. ಆಪರೇಷನ್ ಆಗಿ ಕೆಲವು ವಾರ ಕಳೆದರೂ ರಾತ್ರಿಯ ಜೋಮು ಒಂದಿಷ್ಟೂ ಬದಲಾಗಿಲ್ಲವಾದರೆ ಪಟ್ಟಿ ಪೂರ್ತಿ ಕತ್ತರಿಸಿಲ್ಲವೇ ಎಂದು ನೋಡಬೇಕು, ಕತ್ತನ್ನೂ ಆಗ ಮತ್ತೊಮ್ಮೆ ಪರೀಕ್ಷಿಸಬೇಕು.