ಅಣ್ಣನ ಬರವಣಿಗೆಯನ್ನು ತಮ್ಮ ಗುರುತಿಸಿದಾಗ

1995ರ ಸೆಪ್ಟೆಂಬರ್ 19ರಂದು ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸುಮಾರು 35,000 ಪದಗಳ ಒಂದು ಬರಹವನ್ನು ಇಡಿಯಾಗಿ ಅಚ್ಚು ಹಾಕಿತು. ಬರೆದವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. 1978ರಿಂದ 16 ಬಾಂಬುಗಳನ್ನಿಟ್ಟು 3 ಜನರನ್ನು ಕೊಂದು, 23 ಜನರನ್ನು ಗಾಯಗೊಳಿಸಿದ್ದ ಆತನನ್ನು, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಈ ಪ್ರಕರಣಕ್ಕೆ ಇಟ್ಟ ಹೆಸರಿನಿಂದ ಮಾಧ್ಯಮಗಳು ಯೂನಾಬಾಂಬರ್ ಎಂದು ಕರೆದವು. ಬರಹ ಪ್ರಕಟವಾದರೆ ಕೊಲೆ ನಿಲ್ಲಿಸುತ್ತೇನೆ ಎಂದು ಅವನು ಷರತ್ತು ಹಾಕಿದ್ದ. ಓದಿದವರಲ್ಲಿ ಯಾರಾದರೂ ಆ ಶೈಲಿಯನ್ನು ಗುರುತಿಸಿಯಾರು ಎಂದು ತನಿಖೆದಾರರು ಕಾದಿದ್ದರು.

ಗುರುತಿಸಿದ್ದು ಮನೆಯವರೇ. ಆದರೆ ಮೊದಲು ಅನುಮಾನಪಟ್ಟದ್ದು ಬರೆದವನಾದ ಟೆಡ್ ಕಜಿನ್ಸ್ಕಿಯ ತಮ್ಮ ಡೇವಿಡ್ ಅಲ್ಲ, ಅವರ ಹೆಂಡತಿ ಲಿಂಡಾ ಪ್ಯಾಟ್ರಿಕ್. ಆಕೆ ಭಾವ ಟೆಡ್‌ನ ಮುಖವನ್ನೇ ನೋಡಿರಲಿಲ್ಲ. ಅವನು ಬರೆದ ಪತ್ರಗಳ ಮೂಲಕ ಮಾತ್ರ ಅವನನ್ನು ಬಲ್ಲವರು. ಬಾಂಬರ್‌ನ ನಂಟು ಷಿಕಾಗೋ, ಬರ್ಕ್ಲಿ, ಸಾಲ್ಟ್ ಲೇಕ್ ಸಿಟಿಗಳ ಜೊತೆಗಿದೆ, ತಂತ್ರಜ್ಞಾನವೆಂದರೆ ಅವನಿಗೆ ಕಡುದ್ವೇಷ ಎಂದು ಓದಿದಾಗ ಆಕೆಗೆ ಭಾವನ ನೆನಪಾಯಿತು. ಡೇವಿಡ್ ಮೊದಲು ಒಪ್ಪಲಿಲ್ಲ. ಒಟ್ಟಿಗೆ ಬೆಳೆದವರ ಮನಸ್ಸಿನಲ್ಲಿ ಬಾಲ್ಯದ ಅಣ್ಣ ಗಟ್ಟಿಯಾಗಿ ಕೂತಿರುತ್ತಾನೆ, ಹೊಸ ಸುಳಿವುಗಳಿಗೆಲ್ಲ ಆ ಚಿತ್ರಕ್ಕೆ ಹೊಂದುವ ಅರ್ಥವೇ ಸಿಗುತ್ತದೆ. ಸೊಸೆಗೆ ಆ ಭಾರ ಇರಲಿಲ್ಲ. ಇಂಥ ಅನುಮಾನ ಎದ್ದ ಮನೆಗಳಲ್ಲಿ ಮದುವೆಯಾಗಿ ಬಂದವರ ಮಾತನ್ನು ಹೊರಗಿನವರ ಮಾತೆಂದು ತಳ್ಳಿಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ಬೇಕಿಲ್ಲ.

ಅಲ್ಲಿಂದ ಮುಂದೆ ದಂಪತಿ ನಡೆದುಕೊಂಡ ರೀತಿ ಗಮನಿಸಬೇಕಾದದ್ದು. ಬರಹ ಓದುವಾಗ 'ಕೂಲ್ ಹೆಡೆಡ್ ಲಾಜಿಷಿಯನ್ಸ್' (ತಣ್ಣನೆ ತಲೆಯ ತರ್ಕಶಾಸ್ತ್ರಿಗಳು) ಎಂಬ ಪದಗುಚ್ಛದ ಮುಂದೆ ಡೇವಿಡ್ ನಿಂತುಬಿಟ್ಟರು. ಅದು ಅಣ್ಣ ಬಳಸುತ್ತಿದ್ದ ಮಾತು. ಆದರೂ ಒಂದೇ ಮಾತಿನ ಮೇಲೆ ಪೊಲೀಸರ ಬಳಿಗೆ ಓಡಲಿಲ್ಲ. ಹಳೆಯ ಪತ್ರಗಳನ್ನೆಲ್ಲ ತೆಗೆದು ವಾರಗಟ್ಟಲೆ ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ ಪರಿಚಿತ ಖಾಸಗಿ ಪತ್ತೇದಾರರೊಬ್ಬರ ಮೂಲಕ, ಕೈಬರಹದ ಪತ್ರಗಳನ್ನು ಟೈಪ್ ಮಾಡಿಸಿ ನಿವೃತ್ತ ಎಫ್‌ಬಿಐ ತಜ್ಞರೊಬ್ಬರಿಗೆ ಕೊಟ್ಟರು. ಪತ್ರ ಯಾರದೆಂದು ಹೇಳಲಿಲ್ಲ. ಪತ್ರ ಬರೆದವನೂ ಪತ್ರಿಕೆಯಲ್ಲಿ ಬಂದ ಬರಹ ಬರೆದವನೂ ಒಬ್ಬನೇ ಆಗಿರುವ ಸಂಭವ ಶೇ. 60ಕ್ಕೂ ಹೆಚ್ಚು ಎಂದು ಅವರು ಹೇಳಿದರು. ಎರಡನೇ ತಂಡದ ಅಂದಾಜು ಇನ್ನೂ ಮೇಲಿತ್ತು. ಹೆಸರು ಮುಚ್ಚಿಟ್ಟು ಪರೀಕ್ಷಿಸುವ ಈ ಕ್ರಮವೇ ಇಲ್ಲಿ ಮುಖ್ಯ. ಅನುಮಾನ ಹೊತ್ತವರು ತಾವೇ ಹೋಲಿಸಿದರೆ ಹೋಲುವ ಸಾಲುಗಳು ಮಾತ್ರ ಕಣ್ಣಿಗೆ ಬೀಳುತ್ತವೆ, ಹೋಲದವು ಜಾರಿಹೋಗುತ್ತವೆ.

ಬರವಣಿಗೆಯಿಂದ ಮನುಷ್ಯನನ್ನು ಹಿಡಿಯಬಹುದೇ? ವಿಷಯವನ್ನು, ದೊಡ್ಡ ಪದಗಳನ್ನು ಬೇಕೆಂದೇ ಬದಲಿಸಬಹುದು. ಕಾಗುಣಿತ, ವಿರಾಮ ಚಿಹ್ನೆ, ಗಾದೆ ಹೇಳುವ ಬಗೆ ಇವು ಅಭ್ಯಾಸದಿಂದ ಬರುವಂಥವು, ಬರೆಯುವವನ ಗಮನಕ್ಕೇ ಬರುವುದಿಲ್ಲ. ಕೇಕ್ ಇಟ್ಟುಕೊಂಡೂ ತಿನ್ನಲಾಗದು ಎಂಬರ್ಥದ ಇಂಗ್ಲಿಷ್ ಗಾದೆಯನ್ನು ಯೂನಾಬಾಂಬರ್ ಇಂದಿನ ರೂಢಿಗೆ ತಿರುಗುಮುರುಗಾಗಿ, ತಿಂದೂ ಇಟ್ಟುಕೊಳ್ಳಲಾಗದು ಎಂದು ಬರೆದಿದ್ದ; ಟೆಡ್‌ನ ಪತ್ರದಲ್ಲೂ ಅದೇ ಕ್ರಮ. ಹೋಲಿಸಿ ನೋಡಲು 1971ರಲ್ಲಿ ಟೆಡ್ ಬರೆದಿದ್ದ 23 ಪುಟಗಳ ಪ್ರಬಂಧವೂ ಸಿಕ್ಕಿತು. ಇಂಥ ಒಂದು ಹೋಲಿಕೆಗೆ ಬೆಲೆಯಿಲ್ಲ. ಒಂದೇ ಕಾಲದ, ಒಂದೇ ಬಗೆಯ ಓದಿನ ಸಾವಿರಾರು ಜನ ಹಾಗೆಯೇ ಬರೆಯುತ್ತಾರೆ. ಅಪರೂಪದ ಹತ್ತಾರು ಅಭ್ಯಾಸಗಳು ಒಬ್ಬನಲ್ಲೇ ಕೂಡಿಬಂದಾಗ ಮಾತ್ರ ತೂಕ ಬರುತ್ತದೆ. ಅದಕ್ಕೆ ಉದ್ದನೆಯ ಬರಹ ಬೇಕು. ನಾಲ್ಕು ಸಾಲಿನ ಬೆದರಿಕೆ ಪತ್ರ ಸಾಲದು.

1996ರ ಆರಂಭದಲ್ಲಿ ವಕೀಲರ ಮೂಲಕ ವಿಷಯ ಎಫ್‌ಬಿಐಗೆ ಮುಟ್ಟಿತು. ಸುಮ್ಮನಿದ್ದರೆ ಇನ್ನೊಬ್ಬರು ಸಾಯಬಹುದು, ಹೇಳಿದರೆ ಅಣ್ಣನಿಗೆ ಗಲ್ಲಾಗಬಹುದು. ಡೇವಿಡ್ ಮುಂದಿದ್ದ ಎರಡು ದಾರಿಯಲ್ಲೂ ಸಾವಿತ್ತು. ಇನ್ನೊಂದು ಜೀವ ಹೋಗಬಾರದೆಂದು ಅವರು ಹೇಳುವ ದಾರಿ ಹಿಡಿದರು. ತಾಯಿ ವಾಂಡಾಗೆ ವಿಷಯ ತಿಳಿದದ್ದು ಬಂಧನಕ್ಕೆ ಸ್ವಲ್ಪ ಮೊದಲು. ಕಿರಿಮಗನನ್ನು ಆಕೆ ದೂರಲಿಲ್ಲ.

ಏಪ್ರಿಲ್ 3ರಂದು ಮೊಂಟಾನಾದ ಲಿಂಕನ್ ಬಳಿ, 10 ಅಡಿಗೆ 12 ಅಡಿಯ ಮರದ ಗುಡಿಸಲಿನಲ್ಲಿ ಟೆಡ್ ಸಿಕ್ಕಿಬಿದ್ದ. ಒಳಗೆ ಸಿದ್ಧವಾಗಿದ್ದ ಬಾಂಬ್ ಇತ್ತು. ಶೋಧನಾ ವಾರಂಟ್ ನಿಂತದ್ದು ಮುಖ್ಯವಾಗಿ ಬರಹಗಳ ಹೋಲಿಕೆಯ ಮೇಲೆ. ಪ್ರತಿವಾದಿ ವಕೀಲರು ಅದನ್ನು ಪ್ರಶ್ನಿಸಿದರೂ ನ್ಯಾಯಾಧೀಶರು ಎತ್ತಿಹಿಡಿದರು.

ಕುಟುಂಬ ಇಷ್ಟು ಎಚ್ಚರದಿಂದ ನಡೆದುಕೊಂಡರೂ ಸರ್ಕಾರ ತನ್ನ ಮಾತು ಉಳಿಸಿಕೊಳ್ಳಲಿಲ್ಲ. ಹೆಸರು ಗುಟ್ಟಾಗಿಡುತ್ತೇವೆ ಎಂದಿದ್ದರು. ಬಂಧನದ ಹೊತ್ತಿಗೇ ಡೇವಿಡ್ ಹೆಸರು ಮಾಧ್ಯಮಕ್ಕೆ ಸೋರಿತು. ಪ್ರಾಸಿಕ್ಯೂಷನ್ ಮರಣದಂಡನೆಯನ್ನೇ ಕೇಳಿತು. 1998ರ ಜನವರಿ 22ರಂದು ಟೆಡ್ ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆ ಜೀವಾವಧಿಗೆ ನಿಂತಿತು. 10 ಲಕ್ಷ ಡಾಲರ್ ಬಹುಮಾನದಲ್ಲಿ ತೆರಿಗೆ, ವಕೀಲರ ಖರ್ಚು ಕಳೆದು ಉಳಿದದ್ದನ್ನು ಡೇವಿಡ್ ಬಲಿಯಾದವರ ಕುಟುಂಬಗಳಿಗೆ ಕೊಟ್ಟರು. ಅಣ್ಣನಿಗೆ ಪತ್ರ ಬರೆಯುತ್ತಲೇ ಇದ್ದರು. 2023ರ ಜೂನ್ 10ರಂದು ಟೆಡ್ ಸಾಯುವವರೆಗೂ ಉತ್ತರ ಬರಲಿಲ್ಲ.

ಇಂಥ ಮಾಹಿತಿ ಕೊಡಲು ಹೋಗುವ ಕುಟುಂಬ ಮೊದಲು ತನ್ನದೇ ವಕೀಲರನ್ನು ಇಟ್ಟುಕೊಳ್ಳಬೇಕು, ಹೆಸರು ಹೊರಬೀಳಬಾರದೆಂಬ ಷರತ್ತನ್ನೂ ಶಿಕ್ಷೆಯ ಬಗೆಗಿನ ಕೋರಿಕೆಯನ್ನೂ ಬರಹದಲ್ಲೇ ಕೊಟ್ಟು ಬರಹದಲ್ಲೇ ಉತ್ತರ ಪಡೆಯಬೇಕು, ಮೂಲ ಪತ್ರಗಳನ್ನು ಕೊಡುವ ಮುನ್ನ ಪ್ರತಿ ಇಟ್ಟುಕೊಳ್ಳಬೇಕು.